ಅರ್ಜಿ 62, ಇಂಟರ್‌ವ್ಯೂ 9, ಕೆಲಸ ಸೊನ್ನೆ: ಎಲ್ಲಿ ತಪ್ಪುತ್ತಾ ಉಂಟು?

ಕುಂಬ್ಳೆ_ಬಿಕಾಂ

ಎಲ್ಲರಿಗೂ ನಮಸ್ಕಾರ. ಬಿ.ಕಾಂ. 2023ರಲ್ಲಿ ಮುಗಿಯಿತು, ಹತ್ತನೆಯವರೆಗೆ ಕನ್ನಡ ಮಾಧ್ಯಮ. ಊರಿನ ಒಂದು ಟ್ಯಾಕ್ಸ್ ಆಫೀಸಿನಲ್ಲಿ 14 ತಿಂಗಳು ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ ಮಾಡಿದ ಅನುಭವ ಉಂಟು. ಏಳು ತಿಂಗಳಿಂದ ಮಂಗಳೂರು, ಬೆಂಗಳೂರಿಗೆ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಅರ್ಜಿ 62, ಫೋನ್ ಬಂದದ್ದು 11, ಮೊದಲ ಸುತ್ತು 9, ಎರಡನೆಯ ಸುತ್ತು 4, ಕೆಲಸ 0. ಎಲ್ಲರದ್ದೂ ಒಂದೇ ಮಾತು: "ತಿಳಿಸ್ತೇವೆ."

ಮನೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರು ಅಂತಾರೆ. ಸ್ನೇಹಿತರು ರೆಸ್ಯೂಮ್ ಬದಲಿಸು ಅಂತಾರೆ. ಮುಂದಿನ ಗುರುವಾರ ಬೆಳಿಗ್ಗೆ 10ಕ್ಕೆ ಮಂಗಳೂರಿನಲ್ಲಿ ಒಂದು, ಅದರ ಮರುವಾರ ಬೆಂಗಳೂರಿನವರದ್ದು ವಿಡಿಯೋದಲ್ಲಿ ಒಂದು ಇಂಟರ್‌ವ್ಯೂ ಉಂಟು. ಮೊದಲು ಎಂತ ಸರಿ ಮಾಡಬೇಕು?

---

ನೇಮಕಾತಿ_ಮೇಜು

ಲೆಕ್ಕ ಇಟ್ಟದ್ದು ಒಳ್ಳೆಯದಾಯಿತು. ಹೆಚ್ಚಿನವರು "ತುಂಬಾ ಕಡೆ ಹೋದೆ, ಆಗಲಿಲ್ಲ" ಅಂತ ಮಾತ್ರ ಹೇಳುವುದು. ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ರೆಸ್ಯೂಮನ್ನು ಈಗ ಮುಟ್ಟಬೇಡಿ. ಅದು ನಿಮಗೆ 11 ಫೋನ್ ತಂದುಕೊಟ್ಟಿದೆ, ಅದರ ಕೆಲಸ ಅಷ್ಟೇ. 62ಕ್ಕೆ ಒಂದೋ ಎರಡೋ ಬಂದಿದ್ದರೆ ನಾನೂ ರೆಸ್ಯೂಮ್ ಅಂತಲೇ ಹೇಳುತ್ತಿದ್ದೆ. ಫೋನಿನಲ್ಲಿ ಹೆಚ್ಚಾಗಿ ಕೇಳುವುದು ನಾಲ್ಕೇ: ಎಷ್ಟು ಸಂಬಳ, ಯಾವಾಗ ಸೇರುತ್ತೀರಿ, ಎಲ್ಲಿಂದ ಬರುತ್ತೀರಿ, ಈಗ ಎಂತ ಮಾಡುತ್ತಿದ್ದೀರಿ. 11ರಲ್ಲಿ 9 ಅದನ್ನು ದಾಟಿದೆ. ಅಲ್ಲಿಯೂ ತೊಂದರೆ ಇಲ್ಲ.

ನಿಮ್ಮಲ್ಲಿ ಸೋರುವುದು ಎರಡು ಕಡೆ, ಮತ್ತು ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲ ಸುತ್ತಿನಲ್ಲಿ ಐದು ಹೋಯಿತು. ಅಲ್ಲಿ ಕೂತವರು ಸೀನಿಯರ್ ಅಕೌಂಟೆಂಟ್, ನೋಡುವುದು ಕೆಲಸ ಬರುತ್ತದಾ ಅಂತ. ಎರಡನೆಯದರಲ್ಲಿ ನಾಲ್ಕಕ್ಕೆ ನಾಲ್ಕೂ ಹೋಯಿತು. ಅಲ್ಲಿ ಕೂತವರು ಮ್ಯಾನೇಜರ್ ಅಥವಾ ಮಾಲೀಕರು. ಕೆಲಸ ಬರುತ್ತದೆ ಅಂತ ಕೆಳಗಿನವರು ಆಗಲೇ ಹೇಳಿರುತ್ತಾರೆ. ಇವರಿಗೆ ಇರುವ ಸಂಶಯ ಒಂದೇ, ಈ ಜನ ನಿಲ್ಲುತ್ತದಾ, ನಂಬಬಹುದಾ.

ಒಂದು ಹಾಳೆ ತೆಗೆದು 9 ಇಂಟರ್‌ವ್ಯೂಗಳನ್ನೂ ಬರೆಯಿರಿ. ಪ್ರತಿಯೊಂದರ ಎದುರು ಎರಡೇ ಸಂಗತಿ: ಎಷ್ಟು ನಿಮಿಷ ನಡೆಯಿತು, ಮತ್ತು ಯಾವ ಪ್ರಶ್ನೆಯ ನಂತರ ಎದುರಿನವರ ದನಿ ಬದಲಾಯಿತು. ಮುಂದೆ ಪ್ರಶ್ನೆ ಕೇಳುವುದು ನಿಲ್ಲಿಸಿ "ಓಕೆ, ಓಕೆ" ಅಂದದ್ದು ಎಲ್ಲಿ? ಅದನ್ನು ಇಲ್ಲಿ ಹಾಕಿ.

---

ಕುಂಬ್ಳೆ_ಬಿಕಾಂ

ನೆನಪಿದ್ದಷ್ಟು ಬರೆದೆ. ಮೊದಲ ಸುತ್ತಿನಲ್ಲಿ ಹೋದ ಐದರಲ್ಲಿ ಮೂರು ಕಡೆ ಬ್ಯಾಂಕ್ ರಿಕನ್ಸಿಲಿಯೇಶನ್ (ಬಿಆರ್‌ಎಸ್, ನಮ್ಮ ಪುಸ್ತಕವನ್ನು ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡುವುದು) ಕೇಳಿದರು. ಎಂತ ಅಂತ ವಿವರಿಸಿದೆ, ಆಮೇಲೆ ಒಂದು ಲೆಕ್ಕ ಕೊಟ್ಟರು, ಗೊಂದಲ ಆಯಿತು. ಎರಡು ಕಡೆ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಮಾರಿದಾಗಿನ ತೆರಿಗೆ) ಮತ್ತು 2ಬಿ (ಕೊಂಡವನಿಗೆ ಸಿಗುವ ತೆರಿಗೆ ಕ್ರೆಡಿಟ್ ತೋರಿಸುವ ಪೋರ್ಟಲ್ ಪಟ್ಟಿ). ಆಫೀಸಿನಲ್ಲಿ ದಿನಾ ಮಾಡಿದ್ದೇ, ಆದರೆ ಹೇಳಲು ಬಾಯಿ ಬರಲಿಲ್ಲ. ಎರಡನೆಯ ಸುತ್ತಿನಲ್ಲಿ ಕೇಳಿದ್ದು: ನೀವು ಮಾಡಿದ ಒಂದು ತಪ್ಪು ಹೇಳಿ, ಎಷ್ಟು ಸಂಬಳ ಬೇಕು, ಕಾಸರಗೋಡಿನಿಂದ ದಿನಾ ಹೇಗೆ ಬರುತ್ತೀರಿ.

---

ಲೆಡ್ಜರ್_ಭಟ್ರು

ರೋಗ ಅಲ್ಲೇ ಸಿಕ್ಕಿತು ಮಾರಾಯ್ರೇ. ಲೆಕ್ಕದವರ ಎದುರು ಡೆಫಿನಿಷನ್ ಹೇಳಲೇಬಾರದು. "ಬಿಆರ್‌ಎಸ್ ಅಂದರೆ ಎಂತ" ಅಂತ ಕೇಳಿದವನಿಗೆ ಅದರ ಅರ್ಥ ಬೇಡ, ನೀವು ಯಾವತ್ತಾದರೂ ಮಾಡಿದ್ದೀರಾ ಅಂತ ಬೇಕು.

ಇದನ್ನು ಬಾಯಲ್ಲೇ ಮಾಡಿ ನೋಡಿ. ಪಾಸ್‌ಬುಕ್‌ನಲ್ಲಿ 85,000. ನಾವು ಕೊಟ್ಟ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲ, 12,000. ನಾವು ಹಾಕಿದ ಚೆಕ್ ಇನ್ನೂ ಕ್ಲಿಯರ್ ಆಗಿಲ್ಲ, 5,000. ಬ್ಯಾಂಕ್ ಚಾರ್ಜ್ 590 ನಮ್ಮ ಪುಸ್ತಕದಲ್ಲಿ ಬಂದಿಲ್ಲ. ಕ್ಯಾಶ್‌ಬುಕ್ ಬ್ಯಾಲೆನ್ಸ್ ಎಷ್ಟು?

85,000ದಿಂದ 12,000 ಕಳೆಯಿರಿ, ಏಕೆಂದರೆ ನಮ್ಮ ಪುಸ್ತಕದಲ್ಲಿ ಅದು ಆಗಲೇ ಹೋಗಿದೆ. 73,000. 5,000 ಕೂಡಿಸಿ, ನಮ್ಮಲ್ಲಿ ಅದು ಆಗಲೇ ಬಂದಿದೆ. 78,000. ಚಾರ್ಜ್ ಬ್ಯಾಂಕಿನವರು ತೆಗೆದಿದ್ದಾರೆ, ನಾವು ತೆಗೆದಿಲ್ಲ, ಹಾಗಾಗಿ ನಮ್ಮಲ್ಲಿ 590 ಹೆಚ್ಚು. ಉತ್ತರ 78,590. ಗೊಂದಲ ಆಗುವುದು ಕೂಡಿಸುವುದಾ ಕಳೆಯುವುದಾ ಅಂತ ಬಾಯಿಪಾಠ ಮಾಡಿದವರಿಗೆ. "ಈ ದುಡ್ಡು ನನ್ನ ಪುಸ್ತಕದಲ್ಲಿ ಉಂಟಾ ಇಲ್ಲವಾ" ಅಂತ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು.

ಇಲ್ಲಿಗೆ ಮುಗಿಯುವುದಿಲ್ಲ. ಬುದ್ಧಿವಂತ ಅಕೌಂಟೆಂಟ್ ಕೇಳುವುದು ಮುಂದಿನದ್ದು: "590ಕ್ಕೆ ಎಂತ ಎಂಟ್ರಿ ಹಾಕುತ್ತೀರಿ?" ಪೂರ್ತಿ 590 ಬ್ಯಾಂಕ್ ಚಾರ್ಜಿಗೆ ಹಾಕಿದರೆ ನೀವು ಎಂಟ್ರಿ ಹೊಡೆಯುವವರು ಮಾತ್ರ ಅಂತ ಗೊತ್ತಾಗುತ್ತದೆ. 500 ಚಾರ್ಜ್, 90 ಅದರ ಮೇಲಿನ 18% ಜಿಎಸ್‌ಟಿ. ಬ್ಯಾಂಕ್‌ನಲ್ಲಿ ನಮ್ಮ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಕೊಟ್ಟಿದ್ದರೆ ಆ 90 ಕ್ರೆಡಿಟ್ ಬರುತ್ತದೆ, ಅಂದರೆ ನಾವು ಕಟ್ಟುವ ತೆರಿಗೆಯಲ್ಲಿ ಕಳೆಯಬಹುದು. ಇದನ್ನು ಅವರು ಕೇಳುವ ಮೊದಲೇ ಹೇಳಿದರೆ ಸುತ್ತು ಅರ್ಧ ಗೆದ್ದ ಹಾಗೆ.

ಐಜಿಎಸ್‌ಟಿಗೆ ಗಡಿನಾಡಿನವರಿಗಿಂತ ಒಳ್ಳೆಯ ಉದಾಹರಣೆ ಯಾರಿಗೆ ಸಿಗುತ್ತದೆ? ಮಂಗಳೂರಿನ ವ್ಯಾಪಾರಿ ಎರಡು ಲಕ್ಷದ ಒಣ ಅಡಿಕೆಯನ್ನು ಪುತ್ತೂರಿಗೆ ಮಾರಿದರೆ ಕೇಂದ್ರದ ಪಾಲು ಸಿಜಿಎಸ್‌ಟಿ 5,000, ರಾಜ್ಯದ ಪಾಲು ಎಸ್‌ಜಿಎಸ್‌ಟಿ 5,000. ಅದೇ ಮಾಲು ತಲಪಾಡಿ ಗಡಿ ದಾಟಿ ಕೇರಳದ ಉಪ್ಪಳದ ಅಂಗಡಿಗೆ ಹೋದರೆ ಐಜಿಎಸ್‌ಟಿ 10,000. ಎರಡೂ 5 ಶೇಕಡಾವೇ. 50,000 ಮೀರಿದ್ದರಿಂದ ಇ-ವೇ ಬಿಲ್ (ಮಾಲು ಸಾಗಿಸುವ ದಾಖಲೆ) ಕೂಡ ಬೇಕು. ಮಾರಿದವನು ಮರುತಿಂಗಳು 11ರ ಒಳಗೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕಿದರೆ ಕೊಂಡವನ 2ಬಿಯಲ್ಲಿ 14ಕ್ಕೆ ಕಾಣುತ್ತದೆ, ಅದನ್ನು ನೋಡಿ ಅವನು 20ಕ್ಕೆ 3ಬಿ ರಿಟರ್ನ್ ಹಾಕಿ ತೆರಿಗೆ ಕಟ್ಟುತ್ತಾನೆ. ಮಾರಿದವನು ತಡ ಮಾಡಿದರೆ ಕ್ರೆಡಿಟ್ ಮುಂದಿನ ತಿಂಗಳ 2ಬಿಗೆ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ವ್ಯಾಪಾರಿಯಾದರೆ, ಅಂದರೆ 5 ಕೋಟಿಯವರೆಗಿನ ವಹಿವಾಟಿನವರಾದರೆ, ತಾರೀಕು ಬೇರೆ: ಕರ್ನಾಟಕ, ಕೇರಳ ಎರಡಕ್ಕೂ 3ಬಿ 22ನೆಯ ತಾರೀಕಿಗೆ.

ಮಂಗಳೂರಿನಲ್ಲಿ ಗೇರುಬೀಜದ ಕಂಪನಿಗೆ ಹೋಗುವುದಾದರೆ ಇನ್ನೊಂದು ಗೊತ್ತಿರಲಿ. ಸಿಪ್ಪೆ ತೆಗೆಯದ ಗೇರುಬೀಜವನ್ನು ಕೃಷಿಕನಿಂದ ಕೊಂಡರೆ ತೆರಿಗೆ ಕಟ್ಟಬೇಕಾದ್ದು ಕೊಂಡ ಕಂಪನಿ, ರಿವರ್ಸ್ ಚಾರ್ಜ್. ಅಡಿಕೆಗೆ ಹಾಗಿಲ್ಲ. ಇಂಥದ್ದು ಪುಸ್ತಕದಲ್ಲಿ ಒಂದು ಸಾಲು ಮಾತ್ರ ಇರುತ್ತದೆ, ಆದರೆ ಆ ಆಫೀಸಿನಲ್ಲಿ ಅದೇ ದಿನನಿತ್ಯ.

ಟಿಡಿಎಸ್ (ಪಾವತಿ ಮಾಡುವಾಗಲೇ ಹಿಡಿಯುವ ಆದಾಯ ತೆರಿಗೆ) ಕೇಳಿದರೆ ಸೆಕ್ಷನ್ ಸಂಖ್ಯೆ ಹಿಡಿದುಕೊಂಡು ಹೋಗಬೇಡಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಹಳೆಯ 194ರ ಸಾಲು ಸಾಲು ಸಂಖ್ಯೆಗಳೆಲ್ಲ ಹೋಗಿ ಸಂಬಳ ಬಿಟ್ಟು ಉಳಿದದ್ದು 393ರಲ್ಲಿ ಪಟ್ಟಿಯಾಗಿ ಬಂದಿದೆ. ಕಂತ್ರಾಟು, ವೃತ್ತಿ ಶುಲ್ಕ, ಬಾಡಿಗೆ ಅಂತ ಪಾವತಿಯ ಹೆಸರು ಹೇಳಿ ದರ ಹೇಳಿ. ಕಟ್ಟುವ ತಾರೀಕು ಮರುತಿಂಗಳು 7, ಮಾರ್ಚಿನದ್ದು ಮಾತ್ರ ಏಪ್ರಿಲ್ 30.

ಗೊತ್ತಿಲ್ಲದ್ದು ಬಂದರೆ ಬುರುಡೆ ಬಿಡಬೇಡಿ. ಒಂದು ಸುಳ್ಳು ಉತ್ತರಕ್ಕೆ ಮೂರು ಉಪಪ್ರಶ್ನೆ ಬರುತ್ತದೆ, ಮೂರನೆಯದರಲ್ಲಿ ಸಿಕ್ಕಿಬೀಳುತ್ತೀರಿ. "ಇದನ್ನು ನಾನು ಮಾಡಿಲ್ಲ, ಇದರ ಹತ್ತಿರದ್ದು ಹೀಗೆ ಮಾಡಿದ್ದೇನೆ, ಇದು ಬಂದಿದ್ದರೆ ಪೋರ್ಟಲ್‌ನಲ್ಲಿ ಇಲ್ಲಿ ನೋಡುತ್ತಿದ್ದೆ" ಅಂತ ಹೇಳಿ ನಿಲ್ಲಿಸಿ.

---

ಪೆರ್ಲ_ಟೀಚರ್

ಭಟ್ರು ಹೇಳಿದ್ದೆಲ್ಲ ಸರಿ, ಆದರೆ ತಮ್ಮ ಬರೆದ ಒಂದು ವಾಕ್ಯ ಅವರು ಬಿಟ್ಟುಬಿಟ್ಟರು: "ದಿನಾ ಮಾಡಿದ್ದೇ, ಆದರೆ ಬಾಯಿ ಬರಲಿಲ್ಲ." ಇದು ಲೆಕ್ಕದ ಕೊರತೆ ಅಲ್ಲ. ಹಾಗಂತ ಮೂರು ತಿಂಗಳ ಸ್ಪೋಕನ್ ಇಂಗ್ಲಿಷ್ ಕ್ಲಾಸೂ ಬೇಡ. ಅಲ್ಲಿ ಹೋಟೆಲಿನಲ್ಲಿ ಆರ್ಡರ್ ಮಾಡುವುದು, ರೈಲ್ವೆ ಸ್ಟೇಷನ್‌ನಲ್ಲಿ ದಾರಿ ಕೇಳುವುದು ಕಲಿಸುತ್ತಾರೆ. ನಿಮಗೆ ಬೇಕಾದ್ದು ನಿಮ್ಮ ಮೇಜಿನ ಕೆಲಸದ ಇಂಗ್ಲಿಷ್ ಮಾತ್ರ.

ಕನ್ನಡ ಮಾಧ್ಯಮದಿಂದ ಬಂದವರು ಸಿಕ್ಕಿಕೊಳ್ಳುವುದು ಕ್ರಿಯಾಪದದಲ್ಲಿ. ನಾಮಪದಗಳೆಲ್ಲ ಹೇಗೂ ಇಂಗ್ಲಿಷೇ: ಇನ್‌ವಾಯ್ಸ್, ಲೆಡ್ಜರ್, ರಿಟರ್ನ್. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಎರಡನೆಯ ಮಾತೇ ಅದು. ಹಾಗಾಗಿ "ಐ" ಅಂತ ಹೇಳಿದ ಮೇಲೆ ತಲೆ ಕ್ರಿಯಾಪದ ಹುಡುಕುತ್ತಾ ನಿಲ್ಲುತ್ತದೆ, "ಆಕ್ಚುಯಲಿ, ಲೈಕ್" ಅಂತ ತುಂಬುತ್ತೇವೆ. ಅಕೌಂಟ್ಸಿಗೆ ಹನ್ನೆರಡು ಕ್ರಿಯಾಪದ ಸಾಕು: ಪೋಸ್ಟ್, ಚೆಕ್, ಮ್ಯಾಚ್, ರಿಕನ್ಸೈಲ್, ಫೈಲ್, ಕ್ಲೇಮ್, ರಿವರ್ಸ್, ಪ್ರಿಪೇರ್, ವೆರಿಫೈ, ಇಶ್ಯೂ, ಫಾಲೋ ಅಪ್, ಕ್ಲೋಸ್. ಒಂದೊಂದಕ್ಕೂ ನೀವು ನಿಜವಾಗಿ ಮಾಡಿದ ಎರಡು ವಾಕ್ಯ ಮಾಡಿ, ಒಂದು ದಿನಾ ಮಾಡುತ್ತಿದ್ದದ್ದು, ಒಂದು ಯಾವಾಗಲೋ ಒಮ್ಮೆ ಮಾಡಿದ್ದು. 24 ವಾಕ್ಯ. ಬರೆದು ಓದಬೇಡಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಎಲ್ಲೆಲ್ಲಿ ನಿಂತಿರಿ ಅಂತ ಗೀಟು ಹಾಕಿ. ದಿನಕ್ಕೆ 20 ನಿಮಿಷದಂತೆ ಹತ್ತು ದಿನ. ಗುರುವಾರಕ್ಕೆ ಎಲ್ಲ ಆಗದಿದ್ದರೂ ಮೊದಲ ಆರು ಆಗುತ್ತದೆ.

"ನಾವು" ಅನ್ನುವುದನ್ನೂ ಬಿಡಿ. ನಮ್ಮ ಕಡೆ ವಿನಯಕ್ಕೆ "ವಿ ಫೈಲ್ಡ್" ಅನ್ನುತ್ತೇವೆ. ಎದುರಿನವರಿಗೆ ಅದು ಬೇರೆ ಯಾರೋ ಮಾಡಿದರು, ಇವರು ಪಕ್ಕದಲ್ಲಿದ್ದರು ಅಂತ ಕೇಳುತ್ತದೆ. ನೀವು ಮಾಡಿದ್ದಕ್ಕೆ "ಐ". "ಐ ಆಮ್ ಹ್ಯಾವಿಂಗ್ 14 ಮಂತ್ಸ್ ಎಕ್ಸ್‌ಪೀರಿಯನ್ಸ್" ಅಲ್ಲ, "ಐ ಹ್ಯಾವ್."

ಮಂಗಳೂರಿನಲ್ಲಿ ಲೆಕ್ಕ ಬಿಡಿಸುವಾಗ "ಈ ಭಾಗ ಕನ್ನಡದಲ್ಲಿ ಹೇಳಬಹುದಾ" ಅಂತ ಕೇಳಿದರೆ ಹೆಚ್ಚಿನ ಕಡೆ ಬೇಡ ಅನ್ನುವುದಿಲ್ಲ. ಮೊದಲ ಎರಡು ವಾಕ್ಯ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಕೇಳಿ, ಮೊದಲೇ ಅಲ್ಲ. ಬೆಂಗಳೂರಿನವರಿಗೆ ಇದು ನಡೆಯದೆಯೂ ಇರಬಹುದು.

ಹಾಗೆಯೇ ಭಾಷೆಯ ಜಾಗದಲ್ಲಿ ಕನ್ನಡ, ತುಳು, ಮಲಯಾಳಂ ಅಂತ ಸುಮ್ಮನೆ ಬರೆಯಬೇಡಿ. ಕೇರಳಕ್ಕೆ ಮಾಲು ಕಳಿಸುವ ಮಂಗಳೂರಿನ ಕಂಪನಿಗೆ ಮಲಯಾಳಂನಲ್ಲಿ ಬಾಕಿ ಕೇಳುವ ಜನ ಸಿಕ್ಕಿದರೆ ದೊಡ್ಡ ಅನುಕೂಲ. ಮಾತಾಡಲು ಮಾತ್ರ ಬಂದು ಓದಲು ಬಾರದಿದ್ದರೆ ಹಾಗೆಂದೇ ಹೇಳಿ. ನಮ್ಮ ಕನ್ನಡ ಶಾಲೆಗಳಲ್ಲಿ ಓದಿದ ಬಹಳ ಮಕ್ಕಳದ್ದು ಅದೇ ಸ್ಥಿತಿ. ಎದುರಿನವರು ಮಲಯಾಳಂ ಬಿಲ್ ಒಂದನ್ನು ಮುಂದಿಟ್ಟರೆ ಮುಖ ಕೆಂಪಾಗುವುದು ಬೇಡ.

---

ನೇಮಕಾತಿ_ಮೇಜು

ಎರಡನೆಯ ಸುತ್ತಿಗೆ ಬರುತ್ತೇನೆ.

ತಪ್ಪಿನ ಪ್ರಶ್ನೆಗೆ ಮೂರು ಉತ್ತರ ಕೆಲಸ ಕೆಡಿಸುತ್ತವೆ. "ಅಂಥ ತಪ್ಪೇನೂ ಆಗಿಲ್ಲ." ಸುಳ್ಳು ಅಂತ ಅವರಿಗೂ ಗೊತ್ತು. "ನಾನು ತುಂಬಾ ಪರ್ಫೆಕ್ಷನಿಸ್ಟ್." ದಿನಕ್ಕೆ ನಾಲ್ಕು ಸಲ ಕೇಳಿಸಿಕೊಂಡಿರುತ್ತಾರೆ. ಮೂರನೆಯದು, ಹಳೆಯ ಆಫೀಸಿನವರ ಮೇಲೆ ಹಾಕುವುದು. ಅದರಲ್ಲಿ ಎಷ್ಟೇ ಸತ್ಯ ಇದ್ದರೂ, ನಾಳೆ ನಮ್ಮ ಬಗ್ಗೆಯೂ ಹೀಗೇ ಹೇಳುತ್ತಾರೆ ಅಂತ ಮಾಲೀಕ ಯೋಚಿಸುತ್ತಾನೆ.

ಸಣ್ಣದು, ನಿಜವಾದದ್ದು, ನೀವೇ ಹಿಡಿದದ್ದು ಬೇಕು. ಉದಾಹರಣೆಗೆ ಒಂದು ಖರೀದಿ ಬಿಲ್ಲು ಎರಡು ಸಲ ಎಂಟ್ರಿ ಆದದ್ದು, 3ಬಿ ಹಾಕುವ ಮೊದಲು 2ಬಿಯೊಂದಿಗೆ ತಾಳೆ ನೋಡುವಾಗ ಗೊತ್ತಾದದ್ದು, ಒಂದನ್ನು ತೆಗೆದದ್ದು, ಆಮೇಲಿಂದ ಪ್ರತಿ ತಿಂಗಳು ಎಕ್ಸೆಲ್‌ನಲ್ಲಿ ಸಪ್ಲೈಯರ್ ಜಿಎಸ್‌ಟಿಐಎನ್ ಮತ್ತು ಬಿಲ್ ನಂಬರ್ ಜೋಡಿಸಿ ಎರಡೆರಡು ಸಲ ಬಂದದ್ದನ್ನು ಹುಡುಕುವುದು. ಏನಾಯಿತು ಅನ್ನುವುದಕ್ಕೆ 15 ಸೆಕೆಂಡ್, ಹೇಗೆ ಸರಿ ಮಾಡಿದಿರಿ ಅನ್ನುವುದಕ್ಕೆ 45, ಈಗ ಹೇಗೆ ತಡೆಯುತ್ತೀರಿ ಅನ್ನುವುದಕ್ಕೆ 20. ಹೆಚ್ಚಿನವರು ಇದನ್ನು ತಿರುಗಿಸಿ ಮಾಡುತ್ತಾರೆ, ತಪ್ಪಿನ ಕಥೆಯೇ ಒಂದು ನಿಮಿಷ. ಇದು ಬರೀ ಉದಾಹರಣೆ. ನಿಮ್ಮದನ್ನು ನೀವೇ ಹುಡುಕಿ, ಇನ್ನೊಬ್ಬರ ತಪ್ಪು ಎರಡನೆಯ ಉಪಪ್ರಶ್ನೆಗೆ ನಿಲ್ಲುವುದಿಲ್ಲ. ಮತ್ತೆ, ಹಳೆಯ ಆಫೀಸಿನ ಗಿರಾಕಿಗಳ ಹೆಸರು, ವಹಿವಾಟು ಎಲ್ಲೂ ಬಾಯಿ ತಪ್ಪಿ ಬರಬಾರದು. ಕೆಲವರು ಬೇಕೆಂದೇ ಕೆಣಕಿ ನೋಡುತ್ತಾರೆ. "ಒಂದು ಹಾರ್ಡ್‌ವೇರ್ ಅಂಗಡಿ" ಅಂದರೆ ಸಾಕು.

ದೂರದ ಪ್ರಶ್ನೆ. "ರೈಲು ಉಂಟು, ತೊಂದರೆ ಇಲ್ಲ" ಅಂತ ನೀವು ಹೇಳಿರುತ್ತೀರಿ. ಮ್ಯಾನೇಜರ್ ತಲೆಯಲ್ಲಿ ಓಡುವುದು ಬೇರೆ: 18, 19ನೆಯ ತಾರೀಕು ರಿಟರ್ನ್ ಹೊತ್ತಿಗೆ ರಾತ್ರಿ ಎಂಟರವರೆಗೆ ಕೂರಬೇಕಾದರೆ ಈ ಜನ ಐದೂವರೆಗೆ ಗಡಿಯಾರ ನೋಡುತ್ತದಾ? ಜುಲೈ ಮಳೆಗೆ ಎಷ್ಟು ದಿನ ರಜೆ? ಮೂರು ತಿಂಗಳಲ್ಲಿ ಸಾಕಾಗಿ ಬಿಡುತ್ತದಾ? ಹಾಗಾಗಿ ತೀರ್ಮಾನ ಮಾಡಿಯೇ ಹೋಗಿ. ಒಂದೋ ಸೇರಿದ ತಿಂಗಳಿಂದ ಮಂಗಳೂರಿನಲ್ಲಿ ಪಿಜಿ, ಇಲ್ಲವೋ ಸೀಸನ್ ಟಿಕೆಟ್, ರಿಟರ್ನ್ ವಾರದಲ್ಲಿ ಇಂಥವರ ಮನೆಯಲ್ಲಿ ಉಳಿಯುವುದು. ಯಾವುದಾದರೂ ಒಂದು, ಒಂದೇ ವಾಕ್ಯದಲ್ಲಿ, ಕೇಳುವ ಮೊದಲೇ. "ನೋಡಬೇಕು" ಅಂದರೆ ಹೋಯಿತು.

ಸಂಬಳ. ಒಂದು ಸಂಖ್ಯೆ ಹೇಳುವ ಮೊದಲು ಅದು ಸಿಟಿಸಿಯಾ (ಕಂಪನಿಗೆ ನಿಮ್ಮ ಮೇಲೆ ಆಗುವ ಒಟ್ಟು ಖರ್ಚು), ಕೈಗೆ ಬರುವುದಾ ಅಂತ ನಿಮ್ಮ ತಲೆಯಲ್ಲಿ ಸ್ಪಷ್ಟ ಇರಲಿ. ವರ್ಷಕ್ಕೆ 2,40,000 ಸಿಟಿಸಿ ಅಂದರೆ ತಿಂಗಳಿಗೆ 20,000 ಕೈಗೆ ಬರುವುದಿಲ್ಲ. ಬೇಸಿಕ್ 12,000 ಅಂತ ಇಟ್ಟುಕೊಳ್ಳಿ. ಕಂಪನಿಯ ಪಿಎಫ್ ಪಾಲು 12%, ಅಂದರೆ 1,440, ಇಎಸ್‌ಐ (ನೌಕರರ ವಿಮೆ) ಪಾಲು 3.25%, ಎರಡೂ ಆ 20,000ದ ಒಳಗೇ ಇರುತ್ತದೆ. ಉಳಿದ ಸುಮಾರು 17,980ರಿಂದ ನಿಮ್ಮ ಪಿಎಫ್ 1,440, ನಿಮ್ಮ ಇಎಸ್‌ಐ 0.75% ಹೋಗುತ್ತದೆ. ಕೈಗೆ ಸುಮಾರು 16,400. ಗ್ರಾಚ್ಯುಟಿಯನ್ನೂ ಸಿಟಿಸಿಯಲ್ಲಿ ತೋರಿಸಿದರೆ ಇನ್ನೂ ಐನೂರು ಚಿಲ್ಲರೆ ಕಡಿಮೆ. ಕರ್ನಾಟಕದ ವೃತ್ತಿ ತೆರಿಗೆ 25,000ಕ್ಕಿಂತ ಕೆಳಗೆ ಇಲ್ಲ. ಈ ಲೆಕ್ಕವನ್ನು ಅವರ ಎದುರು ಬಾಯಲ್ಲಿ ಹೇಳಬಲ್ಲ ಅಕೌಂಟ್ಸ್ ಅಸಿಸ್ಟೆಂಟ್ ಸಿಗುವುದೇ ಅಪರೂಪ. ಸಂಬಳ ಮಾತಾಡುವಾಗಲೂ ನಿಮ್ಮ ಕೆಲಸದ ಪರೀಕ್ಷೆಯೇ ನಡೆಯುತ್ತಿರುತ್ತದೆ.

---

ಉಪ್ಪಳ_ನೆಟ್

ಗುರುವಾರದ್ದಕ್ಕೆ: ಕುಂಬ್ಳೆಯಲ್ಲಿ ಎಲ್ಲ ರೈಲು ನಿಲ್ಲುವುದಿಲ್ಲ, ಕೆಲವು ಮಂಗಳೂರು ಸೆಂಟ್ರಲ್‌ಗೆ ಹೋಗದೆ ಜಂಕ್ಷನ್‌ನಿಂದಲೇ ಮುಂದೆ ಹೋಗುತ್ತವೆ. ಜಂಕ್ಷನ್‌ನಲ್ಲಿ ಇಳಿದರೆ ಹಂಪನಕಟ್ಟೆಗೆ ಮತ್ತೆ ಆಟೋ ಹಿಡಿಯಬೇಕು. ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ಬಸ್ಸಾದರೆ ತೊಕ್ಕೊಟ್ಟು, ಪಂಪ್‌ವೆಲ್ ಕಡೆ ಬೆಳಗಿನ ಹೊತ್ತು ಕಟ್ಟಿಕೊಳ್ಳುತ್ತದೆ. 10ಕ್ಕೆ ಇದ್ದರೆ 9ಕ್ಕೆ ಆ ಆಫೀಸಿನ ರಸ್ತೆಯಲ್ಲಿ ಇರಿ, 9.45ಕ್ಕೆ ಒಳಗೆ ಹೋಗಿ. ಮಳೆಯಿದ್ದರೆ ಒಂದು ಜೊತೆ ಒಣ ಸಾಕ್ಸ್ ಬ್ಯಾಗಿನಲ್ಲಿ.

ವಿಡಿಯೋದ್ದಕ್ಕೆ: ತಗಡು ಶೀಟಿನ ಮಾಡಿನ ಕೆಳಗೆ ಕೂರಲೇಬೇಡಿ. ಮಳೆ ಬಂದರೆ ಮೈಕ್ ಅದನ್ನೇ ಹಿಡಿಯುತ್ತದೆ, ನಿಮ್ಮ ದನಿ ಕಾಣೆ. ಕಾಂಕ್ರೀಟ್ ಮಾಡಿನ ಕೋಣೆ ಇಲ್ಲದಿದ್ದರೆ ಯಾರದ್ದಾದರೂ ಮನೆ ಕೇಳಿ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಕ್ಯಾಮೆರಾವನ್ನು ಕಣ್ಣಿನ ಎತ್ತರಕ್ಕೆ ತನ್ನಿ. ಕಿಟಕಿ ನಿಮ್ಮ ಮುಖದ ಎದುರಿರಲಿ, ಬೆನ್ನಿಗೆ ಇದ್ದರೆ ಮುಖ ಕಪ್ಪು. ವೈರ್ ಇರುವ ಇಯರ್‌ಫೋನ್ ಸಾಕು, ಬ್ಲೂಟೂತ್ ಅರ್ಧದಲ್ಲಿ ಕೈಕೊಡುತ್ತದೆ. ಕರೆಂಟ್ ಹೋದರೆ ವೈಫೈ ರೂಟರ್ ಕೂಡ ಹೋಗುತ್ತದೆ ಅನ್ನುವುದು ಎಲ್ಲರೂ ಮರೆಯುವ ಸಂಗತಿ. ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್, ಬೇರೆ ಕಂಪನಿಯ ಸಿಮ್ ಇರುವ ಎರಡನೆಯ ಫೋನಿನಲ್ಲಿ ಹಾಟ್‌ಸ್ಪಾಟ್ ಮೊದಲೇ ಜೋಡಿಸಿ ಒಮ್ಮೆ ಪರೀಕ್ಷೆ ಮಾಡಿ ಇಡಿ. ಶುರುವಿನಲ್ಲೇ "ಲೈನ್ ಕಡಿದರೆ ಎರಡು ನಿಮಿಷದಲ್ಲಿ ಇದೇ ಲಿಂಕಿಗೆ ಬರುತ್ತೇನೆ" ಅಂತ ಹೇಳಿಬಿಡಿ. ಪರದೆಯ ಪಕ್ಕ ಉತ್ತರ ಅಂಟಿಸಿ ಓದುವವರದ್ದು ಕಣ್ಣು ಹೋಗುವ ರೀತಿಯಲ್ಲೇ ಗೊತ್ತಾಗುತ್ತದೆ.

---

ಬದಿಯಡ್ಕ_ಬ್ಯಾಂಕಿಂಗ್

ಇಂಟರ್‌ವ್ಯೂ ಇಲ್ಲದ ದಾರಿಯನ್ನೂ ಬಿಡಬೇಡಿ ಅಂತ ಮಾತ್ರ ಹೇಳುತ್ತೇನೆ. ಬ್ಯಾಂಕ್ ಕ್ಲರ್ಕ್ ನೇಮಕಾತಿಗೆ ಇಂಟರ್‌ವ್ಯೂ ಇಲ್ಲ, ಪರೀಕ್ಷೆ ಮತ್ತು ಸ್ಥಳೀಯ ಭಾಷೆ. ಎಸ್‌ಬಿಐ ಜೂನಿಯರ್ ಅಸೋಸಿಯೇಟ್‌ಗೆ (ಅಲ್ಲಿಯ ಕ್ಲರ್ಕ್ ಹುದ್ದೆ) ಹತ್ತು ಅಥವಾ ಹನ್ನೆರಡನೆಯ ಅಂಕಪಟ್ಟಿಯಲ್ಲಿ ಆ ಭಾಷೆ ಓದಿದ ದಾಖಲೆ ಇದ್ದರೆ ಭಾಷಾ ಪರೀಕ್ಷೆಯೂ ಇಲ್ಲ. ಕರ್ನಾಟಕಕ್ಕೆ ಅರ್ಜಿ ಹಾಕಿದರೆ ನಿಮ್ಮ ಕನ್ನಡ ಮಾಧ್ಯಮದ ಅಂಕಪಟ್ಟಿಯೇ ಅದಕ್ಕೆ ಸಾಕು. ಐಬಿಪಿಎಸ್ ಪಿಒಗೆ (ಬ್ಯಾಂಕ್ ಅಧಿಕಾರಿ ಹುದ್ದೆ) ಇಂಟರ್‌ವ್ಯೂ ಉಂಟು, 100 ಅಂಕಕ್ಕೆ ಕನಿಷ್ಠ 40 ಬೇಕು, ಮೀಸಲು ವರ್ಗಕ್ಕೆ 35. ಆದರೆ ಕೊನೆಯ ಪಟ್ಟಿಯಲ್ಲಿ ಮೈನ್ಸ್ 80, ಇಂಟರ್‌ವ್ಯೂ 20ರ ತೂಕ.

---

ಕುಂಬ್ಳೆ_ಬಿಕಾಂ

ಎಲ್ಲರಿಗೂ ತುಂಬಾ ಉಪಕಾರ ಆಯಿತು. 590ರ ಎಂಟ್ರಿ ಪೂರ್ತಿ ಬ್ಯಾಂಕ್ ಚಾರ್ಜಿಗೇ ಹಾಕುತ್ತಿದ್ದೆ, ಸತ್ಯ ಹೇಳುತ್ತೇನೆ. ಕೊನೆಯ ಒಂದು ಪ್ರಶ್ನೆ: ಆಗಲಿಲ್ಲ ಅಂತಾದರೆ ಯಾಕೆ ಅಂತ ಕೇಳಬಹುದಾ? ಕೇಳಿದರೆ ಯಾರೂ ಹೇಳುವುದಿಲ್ಲ.

---

ನೇಮಕಾತಿ_ಮೇಜು

"ಯಾಕೆ" ಅಂತ ಕೇಳಿದರೆ ಹೇಳುವುದಿಲ್ಲ. ಉತ್ತರಿಸಿದರೆ ವಾದಕ್ಕೆ ಬರುತ್ತಾರೆ ಅನ್ನುವ ಹೆದರಿಕೆ. ಒಂದೇ ಮಾತಿನಲ್ಲಿ ಮುಗಿಯುವ ಹಾಗೆ ಕೇಳಿ: "ಜಿಎಸ್‌ಟಿ, ಟ್ಯಾಲಿ, ಇಂಗ್ಲಿಷ್ – ಮೂರರಲ್ಲಿ ನಾನು ಮೊದಲು ಯಾವುದನ್ನು ಸುಧಾರಿಸಬೇಕು?" ಎಚ್‌ಆರ್‌ಗೆ ಒಂದು ಶಬ್ದ ಟೈಪ್ ಮಾಡುವುದು ಸುಲಭ. ಇಂಟರ್‌ವ್ಯೂ ಆದ ಮರುದಿನ ಬೆಳಿಗ್ಗೆ ಮೂರು ಸಾಲಿನ ಧನ್ಯವಾದದ ಮೇಲ್, ಅದರಲ್ಲಿ ಈ ಪ್ರಶ್ನೆ ಬೇಡ. ಅವರು ಹೇಳಿದ ದಿನ ದಾಟಿ ಎರಡು ದಿನ ಕಳೆದ ಮೇಲೆ ಒಮ್ಮೆ ಫಲಿತಾಂಶ ಕೇಳಿ. ಇಲ್ಲ ಅಂತ ಬಂದ ಮೇಲೆ ಈ ಪ್ರಶ್ನೆ, ಒಂದೇ ಸಲ. ಉತ್ತರ ಬಂದರೆ ನಿಮ್ಮ ಆ ಹಾಳೆಯಲ್ಲಿ ಮೂರನೆಯ ಕಾಲಂ ಮಾಡಿ ಬರೆಯಿರಿ.

ಗುರುವಾರ ಹೊರಗೆ ಬಂದ ಕೂಡಲೇ, ಬಸ್ಸು ಹತ್ತುವ ಮೊದಲು, ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ಫೋನಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ತಲಪಾಡಿ ದಾಟುವಷ್ಟರಲ್ಲಿ ಅರ್ಧ ಮರೆತಿರುತ್ತೀರಿ.